ಶೇಖಾವಟಿಗೆ ಹೋದ್ರೆ ಮೊದ್ಲು ಗಾರೆ ನೋಡಿ, ಚಿತ್ರ ಆಮೇಲೆ

ಹಳೇ ಕಟ್ಟಡಗಳ ಸುಣ್ಣದ ಗಾರೆ ರಿಪೇರಿ ನನ್ನ ಹೊಟ್ಟೆಪಾಡು, ಹಾಗಾಗಿ ಯಾರಾದ್ರೂ ರಾಜಸ್ಥಾನ ಟ್ರಿಪ್ಪು ಅಂದ ತಕ್ಷಣ ಶೇಖಾವಟಿಗೆ ಹೋಗಿ ಅಂತೀನಿ, ಅವ್ರು ಅದೆಲ್ಲಿದೆ ಸಾರ್ ಅಂತಾರೆ. ಝುಂಝುನು, ಸೀಕರ್, ಚುರು ಜಿಲ್ಲೆಗಳ ಸೀಮೆ ಅದು, ಜೈಪುರದಿಂದ ನವಲ್‌ಗಢ ಸುಮಾರು 140 ಕಿಲೋಮೀಟರು. ಮರಳುಗಾಡಿನ ಅಂಚಲ್ಲಿರೋ ಸಣ್ಣ ಸಣ್ಣ ಊರು, ಆದ್ರೆ ಬೀದಿಗೆ ಹತ್ತು ಹವೇಲಿ, ಅಂದ್ರೆ ವ್ಯಾಪಾರಿ ಸೇಟುಗಳ ದೊಡ್ಡ ಮನೆ, ಒಳಗೆ ಹೊರಗೆ, ಕಮಾನಿನ ಹೊಟ್ಟೆಯಲ್ಲಿ, ಸೂರಿನ ಕೆಳಗೆ, ಎಲ್ಲಾ ಕಡೆ ಚಿತ್ರ. ನಮ್ಮ ತೊಟ್ಟಿಮನೆ ನೋಡಿದವ್ರಿಗೆ ನಕ್ಷೆ ಬೇಗ ಅರ್ಥ ಆಗುತ್ತೆ. ದೊಡ್ಡ ಬಾಗ್ಲು ದಾಟಿದ್ರೆ ಮೊದಲ ಚೌಕ ಗಂಡಸರ ವ್ಯಾಪಾರಕ್ಕೆ, ಅದರ ಹಿಂದಿನ ಚೌಕ ಹೆಂಗಸರಿಗೆ.

ಮರಳಲ್ಲಿ ಇಷ್ಟು ದುಡ್ಡು ಎಲ್ಲಿಂದ ಬಂತು ಅಂದ್ರೆ, ಗುಜರಾತಿನ ಬಂದರುಗಳಿಂದ ದೆಹಲಿ ಕಡೆ ಹೋಗೋ ಒಂಟೆ ಸಾಲು ಈ ದಾರೀಲೇ ಹೋಗ್ತಿತ್ತು. ಇಲ್ಲಿನ ಸೇಟುಗಳು ಸುಂಕಕ್ಕೂ ಬಗ್ಗೋರಲ್ಲ, ಚುರುವಿನ ಠಾಕೂರ, ಅಂದ್ರೆ ಅಲ್ಲಿನ ಪಾಳೇಗಾರ, ಉಣ್ಣೆ ಮೇಲೆ ತೆರಿಗೆ ಏರಿಸಿದ ಅಂತ ಪೋದ್ದಾರ್ ಮನೆತನ ಗಂಟುಮೂಟೆ ಕಟ್ಕೊಂಡು ಹೊರಟು 1791ರಲ್ಲಿ ರಾಮಗಢ ಅಂತ ಬೇರೆ ಊರನ್ನೇ ಕಟ್ಕೊಂಡ್ರು. ಆಮೇಲೆ ಬ್ರಿಟಿಷರ ಕಾಲಕ್ಕೆ ವ್ಯಾಪಾರ ಕಲ್ಕತ್ತ ಬಾಂಬೆ ಕಡೆ ತಿರುಗಿತು, ಇವ್ರೂ ಹಿಂದೇನೇ ಹೋದ್ರು, ದುಡಿದಿದ್ದು ಅಲ್ಲಿ, ಮನೆ ಕಟ್ಟಿಸಿದ್ದು ಇಲ್ಲಿ, ಪಕ್ಕದ ಸೇಟಿಗಿಂತ ಒಂದು ಗೋಡೆ ಜಾಸ್ತಿ ಬರೆಸಬೇಕು ಅನ್ನೋ ಹಠ ಬೇರೆ. (ನಮ್ಮ ಬೆಂಗ್ಳೂರು ಚಿಕ್ಕಪೇಟೆಯ ಮಾರ್ವಾಡಿಗಳ ಊರು ಇದೇನಾ ಅಂತ ಕೇಳ್ತಾರೆ. ಅವ್ರಲ್ಲಿ ಹೆಚ್ಚಿನವ್ರು ಪಾಲಿ, ಜಾಲೋರ್ ಕಡೆಯವ್ರು. ಬಿರ್ಲಾ, ಗೋಯೆಂಕಾ ಮನೆತನಗಳು ಶೇಖಾವಟಿಯವು.) ಕೊನೆಗೆ ಮಕ್ಕಳು ಮೊಮ್ಮಕ್ಕಳು ಅಲ್ಲೇ ಉಳ್ಕೊಂಡ್ರು, ಇಲ್ಲಿ ಬೀಗ, ಒಬ್ಬ ಚೌಕೀದಾರ.

ಈಗ ಗಾರೆ ವಿಷ್ಯಕ್ಕೆ ಬರ್ತೀನಿ. ಹೊರಗೋಡೆ ಚಿತ್ರಗಳು ನೂರಾರು ವರ್ಷ ಬಿಸಿಲು ತಡ್ಕೊಂಡಿರೋದು ಬಣ್ಣದ ಗುಣದಿಂದ ಅಲ್ಲ. ಚುರುವಲ್ಲಿ ಬೇಸಿಗೆ 50 ಡಿಗ್ರಿ ಮುಟ್ಟಿದೆ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೂ ಇಳಿಯುತ್ತೆ, ಇದಕ್ಕೆ ಯಾವ ಬಣ್ಣ ತಾನೇ ನಿಲ್ಲುತ್ತೆ ಹೇಳಿ. ಚೇಜಾರ ಅಂತಾರೆ ಅಲ್ಲಿನ ಕುಶಲಕರ್ಮಿಗಳನ್ನ, ಮನೆ ಕಟ್ಟೋರೂ ಅವ್ರೇ ಚಿತ್ರ ಬರೆಯೋರೂ ಅವ್ರೇ. ಸೋಸಿದ ಸುಣ್ಣಕ್ಕೆ ಅಮೃತಶಿಲೆ ಪುಡಿ ಸೇರಿಸಿ ಕೊನೇ ತೆಳು ಪದರ ಎಳೀತಾರೆ, ಅದು ಹಸಿ ಇರೋವಾಗ್ಲೇ ಬಣ್ಣ ಹಚ್ಚಿ, ಸಣ್ಣ ಕರಣೆಯಿಂದ ತಟ್ಟಿ ತಟ್ಟಿ ಒಳಗೆ ಇಳಿಸಿ, ಅಗೇಟ್ ಕಲ್ಲಿಂದ ಉಜ್ಜಿ, ಕೊಬ್ರಿ ಎಣ್ಣೆ ತಿಕ್ಕಿ ಹೊಳಪು ಬರಿಸ್ತಾರೆ. ಆರಾಯಿಶ್ ಅಂತ ಹೆಸರು. ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈ ಆಕ್ಸೈಡ್ ಎಳ್ಕೊಂಡು ಮತ್ತೆ ಸುಣ್ಣಕಲ್ಲೇ ಆಗಿಬಿಡುತ್ತೆ, ಬಣ್ಣದ ಕಣ ಆ ಕಲ್ಲೊಳಗೆ ಸಿಕ್ಕಾಕೊಳ್ಳುತ್ತೆ. ಅಂದ್ರೆ ಬಣ್ಣ ಗೋಡೆ ಮೇಲಿಲ್ಲ, ಗೋಡೆಯೊಳಗಿದೆ. ಒಳಗಿನ ಕೋಣೆಗಳಲ್ಲಿ ಬಹಳ ಕಡೆ ಒಣಗಿದ ಗಾರೆ ಮೇಲೆ ಅಂಟು ಹಾಕಿ ಬರೆದಿದ್ದಾರೆ, ಅದು ಬೇರೆ ಜಾತಿ, ಉಗುರು ತಾಗಿದ್ರೂ ಉದುರುತ್ತೆ.

ಹಳೇ ಬಣ್ಣಗಳೂ ಕಮ್ಮಿ. ಕಾಡಿಗೆ ಕಪ್ಪು, ಸುಣ್ಣದ ಬಿಳಿ, ನೀಲಿ ಗಿಡದ ನೀಲಿ, ನಾವು ಹುರುಮಂಜಿ ಅಂತೀವಲ್ಲ ಆ ಕೆಮ್ಮಣ್ಣು, ಅಲ್ಲಿ ಹಿರ್ಮಿಚ್. 19ನೇ ಶತಮಾನದ ಎರಡನೇ ಅರ್ಧದಲ್ಲಿ ಜರ್ಮನಿಯಿಂದ ಕೆಮಿಕಲ್ ಬಣ್ಣದ ಡಬ್ಬ ಬಂತು. ಕಣ್ಣಿಗೆ ಹೊಡೆಯೋ ನೀಲಿ ಕಂಡ್ರೆ ಗೋಡೆ ಆಮೇಲಿನದ್ದು ಅಂತ ಸುಮಾರಾಗಿ ಲೆಕ್ಕ ಹಾಕ್ಬಹುದು. ಆಗ್ಲೇ ಕೃಷ್ಣನ ಪಕ್ಕ ರೈಲು, ಮೋಟಾರು, ಗ್ರಾಮಫೋನು ಎಲ್ಲಾ ಶುರು. ರೈಲನ್ನೇ ನೋಡದವ್ರು ಬರೆದ ರೈಲು ನಂಗೆ ತುಂಬಾ ಇಷ್ಟ, ಬೋಗಿಗಳು ಥೇಟ್ ಮನೆ ಸಾಲು, ಕೆಳಗೆ ಚಕ್ರ!

ಒಂದ್ಸಲ ಒಂದು ಹವೇಲಿಲಿ ಚೌಕೀದಾರಪ್ಪ ನಮ್ಮನ್ನ ನೋಡಿ ಖುಷಿಯಿಂದ ಒದ್ದೆ ಬಟ್ಟೆ ತಂದು ಮಂಕಾಗಿದ್ದ ಕುದುರೆ ಸವಾರನ ಮೇಲೆ ಎಳೆದೇಬಿಟ್ರು. ಕೆಂಪು ಹಸಿರು ಎಲ್ಲಾ ಫಳಫಳ, ಎಲ್ರೂ ಫೋನ್ ತೆಗೆದ್ರು. ಹತ್ತು ನಿಮಿಷಕ್ಕೆ ಒಣಗಿ ಮೊದಲಿಗಿಂತ ಬೆಳ್ಳಗಾಯ್ತು. ಆ ಬಿಳಿ ಧೂಳು ಉಪ್ಪು. ನೀರು ಬಿದ್ದಾಗ ಕರಗುತ್ತೆ, ಒಣಗ್ತಾ ಹರಳಾಗುತ್ತೆ, ಹರಳು ಬೆಳೆದಾಗ ಬಣ್ಣದ ಚರ್ಮನ ಹಿಂದಿನಿಂದ ದೂಕುತ್ತೆ. ಬಟ್ಟೆ ತಿರುಗಿಸಿ ನೋಡಿದ್ರೆ ಅದ್ರಲ್ಲೂ ಒಂಚೂರು ಕೆಂಪು ಅಂಟಿತ್ತು. ದಯವಿಟ್ಟು ಯಾರಾದ್ರೂ ನೀರು ತರ್ತೀನಿ ಅಂದ್ರೆ ಬೇಡ ಅನ್ನಿ.

ಅದಕ್ಕಿಂತ ದೊಡ್ಡ ಶತ್ರು ಸಿಮೆಂಟು. ನೆಲದ ತೇವ ಗೋಡೆ ಹತ್ತುತ್ತೆ, ಸುಣ್ಣದ ಗಾರೆ ಉಸಿರಾಡುತ್ತೆ ಆದ್ರಿಂದ ಬುಡದಲ್ಲೇ ಆರಿಹೋಗುತ್ತೆ, ಅಲ್ಲಿ ಗಾರೆ ಉದುರಿದ್ರೂ ಚಿಂತೆ ಇಲ್ಲ, ಮತ್ತೆ ಹಚ್ಚಿದ್ರಾಯ್ತು. ಆದ್ರೆ ಮನೆಯವ್ರು ಬುಡ ಗಟ್ಟಿ ಮಾಡೋಣ ಅಂತ ಮೂರಡಿ ಸಿಮೆಂಟ್ ಬಳಿಸ್ತಾರೆ. ನೀರಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಸಿಮೆಂಟ್ ಮುಗಿಯೋವರೆಗೂ ಹತ್ತಿ ಅದರ ಮೇಲಿರೋ ಚಿತ್ರದಿಂದ ಹೊರಗೆ ಬರುತ್ತೆ. ಎಷ್ಟೋ ಗೋಡೇಲಿ ಸಿಮೆಂಟಿನ ಗೆರೆ ಮೇಲೆ ಸರಿಯಾಗಿ ಒಂದು ಪಟ್ಟಿ ಬಣ್ಣ ಹೋಗಿರುತ್ತೆ, ನೋಡಿ, ನಿಮ್ಗೇ ಸಿಗುತ್ತೆ. ಒಂದು ಕುಟುಂಬಕ್ಕೆ ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ, ಸಿಮೆಂಟೇ ಹಾಕ್ಸಿದ್ರು, ಎರಡು ಮಳೆಗಾಲ ಆದ್ಮೇಲೆ ಫೋಟೋ ಕಳಿಸಿ ಇದ್ಯಾಕೆ ಹಿಂಗಾಯ್ತು ಅಂತ ಕೇಳಿದ್ರು.

ಅಕ್ಟೋಬರಿಂದ ಮಾರ್ಚ್ ಒಳಗೆ ಹೋಗಿ. ಶುರು ಮಾಡೋದಾದ್ರೆ ನವಲ್‌ಗಢದ ಪೋದಾರ್ ಹವೇಲಿ, 1902ರದ್ದು, ಈಗ ಮ್ಯೂಸಿಯಂ, ರಿಪೇರಿ ಬಣ್ಣ ಸ್ವಲ್ಪ ಜಾಸ್ತಿನೇ ಆಯ್ತು ಅಂತ ನಂಗನಿಸುತ್ತೆ ಆದ್ರೂ ಹೊಸದಾಗಿ ಹೇಗೆ ಕಾಣ್ತಿತ್ತು ಅಂತ ಗೊತ್ತಾಗುತ್ತೆ. ಫತೇಪುರದಲ್ಲಿ 1802ರ ಒಂದು ಹವೇಲಿನ ನದೀನ್ ಲ ಪ್ರಿನ್ಸ್ ಅನ್ನೋ ಫ್ರೆಂಚ್ ಕಲಾವಿದೆ 1998ರಲ್ಲಿ ಕೊಂಡು ಉಳಿಸಿದ್ದಾರೆ. ಚಿನ್ನ ಹಚ್ಚಿದ ಚಿತ್ರ ನೋಡೋಕೆ ಮಹನಸರ್ ಅನ್ನೋ ಊರು. ಬೀಗ ಹಾಕಿರೋ ಮನೆಗಳನ್ನೂ ಬಿಡ್ಬೇಡಿ, ಚೌಕೀದಾರರು ಕೇಳಿದ್ರೆ ತೆಗೀತಾರೆ, ಜೇಬಲ್ಲಿ ಚಿಲ್ರೆ ಇರ್ಲಿ. ಜೊತೆಗೆ ಒಂದು ಸಣ್ಣ ಟಾರ್ಚು. ಗೋಡೆಗೆ ನೇರ ಹಿಡೀಬೇಡಿ, ಪಕ್ಕದಿಂದ ಓರೆಯಾಗಿ ಹಿಡೀರಿ, ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಕಾಣುತ್ತೆ. ಅವತ್ತು ಗಾರೆ ಒಣಗೋಕ್ಮುಂಚೆ ಚೇಜಾರ ಬರೆದು ಮುಗಿಸಿದ್ದು ಅಲ್ಲೀವರೆಗೆ.