ಮಾತು ಕೇಳದ ಬೆರಳು

ಹಾಸನದ ನಮ್ಮ ಮನೆಯಲ್ಲಿ ಸಂಜೆಯಾದರೆ ಮಗಳ ಕೀಬೋರ್ಡ್ ಅಭ್ಯಾಸ. ಮೊನ್ನೆ ಅರ್ಧಕ್ಕೇ ನಿಲ್ಲಿಸಿ, "ಅಮ್ಮಾ, ಇದು ನನ್ನ ಮಾತೇ ಕೇಳಲ್ಲ" ಎಂದು ಉಂಗುರ ಬೆರಳು ತೋರಿಸಿದಳು.

ನೀವೂ ಒಮ್ಮೆ ಮಾಡಿ ನೋಡಿ. ಅಂಗೈಯನ್ನು ಮೇಜಿನ ಮೇಲೆ ಕವುಚಿ ಇಡಿ. ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿ. ಈಗ ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು, ಕಿರುಬೆರಳೂ ಏಳುತ್ತವೆ. ಉಂಗುರ ಬೆರಳು ಮೇಜಿಗೆ ಅಂಟಿಕೊಂಡೇ ಇರುತ್ತದೆ, ಅಲ್ವಾ?

ಬೆರಳನ್ನು ಆಡಿಸುವ ದೊಡ್ಡ ಸ್ನಾಯುಗಳು ಇರುವುದು ಮೊಣಕೈ ಕೆಳಗೆ, ಮುಂಗೈಯಲ್ಲಿ. ಅಲ್ಲಿಂದ ಹೊರಟ ಗಟ್ಟಿ ನಾರುಗಳು ಸೂತ್ರದ ಗೊಂಬೆಯ ದಾರದಂತೆ ಬೆರಳನ್ನು ಎಳೆಯುತ್ತವೆ. ಬೆರಳನ್ನು ಎತ್ತುವ ನಾರುಗಳಿಗೆ ಕೈಯ ಹಿಂಬದಿಯಲ್ಲಿ ಒಂದಕ್ಕೊಂದು ಅಡ್ಡ ಬೆಸುಗೆ ಇದೆ. ಹಾಗಾಗಿ ಮಡಚಿದ ನಡುಬೆರಳು ಪಕ್ಕದ ಉಂಗುರ ಬೆರಳನ್ನೂ ಹಿಡಿದಿಡುತ್ತದೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತಲೆಂದೇ ಇನ್ನೊಂದು ಸ್ನಾಯು ಉಂಟು. ಉಂಗುರ ಬೆರಳಿಗೆ ಆ ಭಾಗ್ಯ ಇಲ್ಲ.

ಇಂಥ ಕೈಯಿಂದಲೇ ಪಿಯಾನೊ ಕಲಾವಿದರು 88 ಕೀಗಳನ್ನು ಆಳಬೇಕು. ಬೆರಳು ಪಳಗಿಸಲು ಯಂತ್ರದ ಮೊರೆ ಹೋಗಿದ್ದ ಜರ್ಮನಿಯ ಶೂಮನ್ ಬಲಗೈ ಕೆಟ್ಟು ವೇದಿಕೆಯ ಆಸೆಯನ್ನೇ ಬಿಟ್ಟರು. ಸಂಗೀತ ರಚಿಸುವುದರಲ್ಲೇ ಹೆಸರಾದರು.

ನನ್ನನ್ನು ಕಾಡುವುದು ಅಮೆರಿಕದ ಪಿಯಾನೊ ಕಲಾವಿದ ಲಿಯಾನ್ ಫ್ಲೈಷರ್ ಕಥೆ. 1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವರು. 16ಕ್ಕೇ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ನುಡಿಸಿದರು. 1952ರಲ್ಲಿ ಬ್ರಸೆಲ್ಸ್‌ನ ದೊಡ್ಡ ಸ್ಪರ್ಧೆ ಗೆದ್ದರು. 1964ರ ಹೊತ್ತಿಗೆ ಅವರ ಬಲಗೈಯ ಉಂಗುರ ಬೆರಳು, ಕಿರುಬೆರಳು ತಾವಾಗಿಯೇ ಅಂಗೈಯೊಳಕ್ಕೆ ಸುರುಳಿಕೊಳ್ಳತೊಡಗಿದವು. ಆಗ ವಯಸ್ಸು ಬರೀ 36.

ಈ ತೊಂದರೆಗೆ ಫೋಕಲ್ ಡಿಸ್ಟೋನಿಯಾ ಎನ್ನುತ್ತಾರೆ. ಸಾಮಾನ್ಯವಾಗಿ ನೋವು ಇರುವುದಿಲ್ಲ. ಕೆಡುವುದು ಮಿದುಳಿನ ಲೆಕ್ಕ. ಮಿದುಳಿನಲ್ಲಿ ಪ್ರತಿ ಬೆರಳಿಗೂ ಅದರದೇ ಜಾಗ ಇದೆ, ಗದ್ದೆಯ ಮಡಿಗಳ ಹಾಗೆ. ಅಕ್ಕಪಕ್ಕದ ಬೆರಳುಗಳು ವರ್ಷಗಟ್ಟಲೆ, ಗಂಟೆಗಟ್ಟಲೆ, ವೇಗವಾಗಿ ಒಟ್ಟೊಟ್ಟಿಗೆ ಆಡಿದಾಗ ಕೆಲವರಲ್ಲಿ ನಡುವಿನ ಬದು ಸವೆಯುತ್ತದೆ. ಒಂದು ಮಡಿಗೆ ಬಿಟ್ಟ ನೀರು ಪಕ್ಕದ ಮಡಿಗೂ ನುಗ್ಗುತ್ತದೆ. ಒಂದು ಬೆರಳಿಗೆ ಹೇಳಿದ್ದನ್ನು ಇನ್ನೊಂದೂ ಕೇಳಿಸಿಕೊಳ್ಳುತ್ತದೆ. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಬರುತ್ತದೆಂಬ ಅಂದಾಜಿದೆ.

ಫ್ಲೈಷರ್ ಪಾಠ ಹೇಳಿದರು, ವಾದ್ಯವೃಂದ ನಡೆಸಿದರು, ಎಡಗೈ ಒಂದರಲ್ಲೇ ಕಛೇರಿ ಕೊಟ್ಟರು. ಅದಕ್ಕೂ ಕೃತಿಗಳಿವೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ಕಲಾವಿದ ಪೌಲ್ ವಿಟ್ಗೆನ್‌ಸ್ಟೈನ್‌ಗಾಗಿ ಫ್ರಾನ್ಸಿನ ಸಂಗೀತ ರಚನಕಾರ ರಾವೆಲ್ ಎಡಗೈಗೆಂದೇ ಒಂದು ಕನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಕೃತಿ, ಬರೆದಿದ್ದರು. ಫ್ಲೈಷರ್ ಕೈ ಕೆಟ್ಟ ಸುಮಾರು ಮೂವತ್ತು ವರ್ಷದ ನಂತರ, 1990ರ ದಶಕದಲ್ಲಿ, ಬೊಟಾಕ್ಸ್ ಚುಚ್ಚುಮದ್ದು ನೆರವಿಗೆ ಬಂತು. ಅತಿಯಾಗಿ ಬಿಗಿಯುವ ಸ್ನಾಯುವಿಗೆ ನರದ ಆಜ್ಞೆ ತಲುಪದಂತೆ ಅದು ತಡೆಯುತ್ತದೆ. ಬದು ಕಟ್ಟಿಕೊಡುವುದಿಲ್ಲ, ನೀರಿನ ರಭಸ ಇಳಿಸುತ್ತದೆ ಅಷ್ಟೇ. ಅಷ್ಟರಲ್ಲೇ ಅವರು ಮತ್ತೆ ಎರಡೂ ಕೈಯಲ್ಲಿ ನುಡಿಸಿದರು.

ರುದ್ರಪಟ್ಟಣದಂಥ ಸಂಗೀತದ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಪಿಟೀಲು ಹಿಡಿದ ಮಕ್ಕಳಿಗೆ ಇಲ್ಲಿ ಕೊರತೆಯಿಲ್ಲ. ಅವರ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಕಲಿತ ಕೈ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ "ಇನ್ನೂ ಜಾಸ್ತಿ ಸಾಧನೆ ಮಾಡು" ಎಂದು ಸುಮ್ನೆ ಗದರಬೇಡಿ. ಇದು ಡಿಸ್ಟೋನಿಯಾ ಆಗಿದ್ದರೆ ಹಟದ ಸಾಧನೆಯಿಂದ ಹೆಚ್ಚಾಗಬಹುದು. ನರರೋಗ ತಜ್ಞರಿಗೆ ತೋರಿಸಿ.

ಮಗಳದು ಆ ತೊಂದರೆ ಅಲ್ಲ, ಎಲ್ಲರ ಕೈಯೂ ಹಾಗೇ ಎಂದು ಅವಳಿಗೆ ಹೇಳಿದೆ. ನಂಬದೆ ನನ್ನ ಕೈಯನ್ನೂ ಮೇಜಿನ ಮೇಲೆ ಕವುಚಿಸಿ, ನಡುಬೆರಳು ತಾನೇ ಮಡಚಿ, "ಎಲ್ಲಿ, ಎತ್ತಮ್ಮಾ" ಎಂದಳು.