ಘೆಂಟ್‌ನ ಬಲಿಪೀಠ ಚಿತ್ರ ದುರಸ್ತಿಯಲ್ಲಿದೆಯಂತೆ, ಈಗ ಹೋಗಬಹುದೇ?

ಓದುಗರ ಪ್ರಶ್ನೆ: ನಾನು ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದಾರೆ. ಪಕ್ಕದ ಬೆಲ್ಜಿಯಂಗೆ ಕರೆದುಕೊಂಡು ಹೋಗಿ, ಘೆಂಟ್ ಊರಿನಲ್ಲಿರುವ, 15ನೇ ಶತಮಾನದ ಚಿತ್ರಕಾರರಾದ ವಾನ್ ಐಕ್ ಸಹೋದರರು ಚರ್ಚಿನ ಬಲಿಪೀಠಕ್ಕೆಂದು ಬರೆದ ಹೆಸರಾಂತ ಬಲಿಪೀಠ ಚಿತ್ರವನ್ನು ತೋರಿಸಬೇಕೆಂದಿದ್ದೆ. ಆದರೆ ಅದರ ರಿಸ್ಟೋರೇಷನ್ ನಡೆಯುತ್ತಿದೆಯಂತೆ. ಅರ್ಧಂಬರ್ಧ ನೋಡುವ ಬದಲು ಎಲ್ಲ ಮುಗಿದ ಮೇಲೆ ಹೋಗುವುದು ವಾಸಿಯೇ?

ಉತ್ತರ: ಹೋಗಿಬನ್ನಿ. ಮುಗಿಯಲಿ ಅಂತ ಕಾಯುತ್ತಾ ಕೂತರೆ ಅಪ್ಪ ಅಮ್ಮನ ವೀಸಾ ಮುಗಿದೀತು, ಚಿತ್ರದ ಕೆಲಸ ಮುಗಿಯಲಿಕ್ಕಿಲ್ಲ. 2012ರ ಅಕ್ಟೋಬರ್‌ನಲ್ಲಿ ಇದನ್ನು ಕೈಗೆತ್ತಿಕೊಂಡಾಗ ಐದು ವರ್ಷ ಸಾಕು ಎಂಬ ಲೆಕ್ಕವಿತ್ತು. ಇದು ಹಲವು ಮರದ ಫಲಕಗಳನ್ನು ಜೋಡಿಸಿದ, ಬಾಗಿಲಿನಂತೆ ಮುಚ್ಚಿ ತೆರೆಯುವ ಚಿತ್ರ; ಮುಚ್ಚಿದಾಗ ಕಾಣುವುದು ಹೊರಬದಿ, ತೆರೆದಾಗ ಒಳಬದಿ. ಹೊರಬದಿಯ ಫಲಕಗಳಿಗೇ 2016 ಬಂತು. ಒಳಬದಿಯ ಕೆಳಸಾಲಿಗೆ 2019ರ ಕೊನೆ. ಒಳಬದಿಯ ಮೇಲುಸಾಲಿಗೆ ಕೈ ಹಚ್ಚಿದ್ದು 2023ರಲ್ಲಿ.

ಲೆಕ್ಕ ತಪ್ಪಿದ್ದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಹೊರಬದಿಯಲ್ಲಿ ಹಳದಿಗಟ್ಟಿದ ವಾರ್ನಿಷ್ ತೆಗೆಯಲು ಹೊರಟ ತಜ್ಞರಿಗೆ ಅದರ ಅಡಿಯಲ್ಲಿ ಕಂಡದ್ದು ವಾನ್ ಐಕ್ ಅಲ್ಲ, ಯಾರೋ ನಂತರದವರು ಬಳಿದ ಬಣ್ಣ. ಹೊರಬದಿಯ ಸುಮಾರು 70 ಪ್ರತಿಶತ ಭಾಗದ ಮೇಲೆ ಇಂಥ ಮೇಲುಬಣ್ಣವಿತ್ತು. ಶತಮಾನಗಳ ಕಾಲ ಜನ ಯಾರನ್ನು ಹೊಗಳಿದರೋ, ಅವರ ಕೈಕೆಲಸದ ಬಹುಪಾಲು ಕಣ್ಣಿಗೇ ಬಿದ್ದಿರಲಿಲ್ಲ! ಅದನ್ನು ಹಾಗೇ ಬಿಡುವುದೋ ತೆಗೆಯುವುದೋ ಎಂದು ಹೊರಗಿನ ತಜ್ಞರನ್ನೂ ಕೂರಿಸಿಕೊಂಡು ಚರ್ಚಿಸಿ, ಕಡೆಗೆ ತೆಗೆಯುವುದೆಂದು ತೀರ್ಮಾನಿಸಿದರು. ಅಲ್ಲಿಂದ ಕೆಲಸ ಆಮೆವೇಗಕ್ಕೆ ಇಳಿಯಿತು, ಇಳಿಯಲೇಬೇಕಿತ್ತು.

ತೆಗೆಯುವುದು ಹೇಗೆ ಅಂತ ಕೇಳಿದರೆ ಅಪ್ಪನಿಗೂ ಕುತೂಹಲ ಹುಟ್ಟೀತು. ಮೊದಲು ದ್ರಾವಕದಲ್ಲಿ ಅದ್ದಿದ ಹತ್ತಿಯನ್ನು ಪುಟ್ಟ ಕಡ್ಡಿಯ ತುದಿಗೆ ಸುತ್ತಿ, ವಾರ್ನಿಷ್ ಮೇಲೆ ಮೆಲ್ಲಗೆ ಹೊರಳಿಸುತ್ತಾರೆ. ಹತ್ತಿ ಕಂದಾಗುತ್ತದೆ, ಎಸೆದು ಇನ್ನೊಂದು ತೆಗೆದುಕೊಳ್ಳುತ್ತಾರೆ. ಮೇಲುಬಣ್ಣದ ಸರದಿ ಬಂದಾಗ ಹತ್ತಿ ಸಾಲದು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಆಪರೇಷನ್ ಥಿಯೇಟರಿನ ಸ್ಕಾಲ್ಪೆಲ್ ಹಿಡಿದು, ಕೂದಲೆಳೆಗಿಂತ ತೆಳುವಾದ ಪದರವನ್ನು ಚೂರುಚೂರಾಗಿ ಎಬ್ಬಿಸಬೇಕು. ಅಡಿಯಲ್ಲಿರುವುದು 1432ರ ಬಣ್ಣ, ಕೈ ಒಂದಿಷ್ಟು ಭಾರವಾದರೂ ಅದಕ್ಕೆ ಗೀರು ಬೀಳುತ್ತದೆ. ಮೂಲಬಣ್ಣ ಉದುರಿಹೋದ ಕಡೆ ಮಾತ್ರ ಹೊಸದಾಗಿ ಬಣ್ಣ ತುಂಬುತ್ತಾರೆ, ಅದೂ ಮುಂದೆ ಯಾರಾದರೂ ಬೇಡವೆಂದರೆ ಸುಲಭವಾಗಿ ತೆಗೆಯಬಹುದಾದಂಥದ್ದು.

ಇದೆಲ್ಲ ನಡೆಯುವುದು ಬೀಗ ಹಾಕಿದ ಕೋಣೆಯಲ್ಲಲ್ಲ. ಘೆಂಟ್‌ನ ಲಲಿತಕಲಾ ಮ್ಯೂಸಿಯಂನಲ್ಲಿ, ಊರವರು ಎಂಎಸ್‌ಕೆ ಅನ್ನುತ್ತಾರೆ, ಇದಕ್ಕೆಂದೇ ಗಾಜಿನ ಗೋಡೆಯ ವರ್ಕ್‌ಶಾಪ್ ಕಟ್ಟಿದ್ದಾರೆ. ಟಿಕೆಟ್ ಕೊಂಡು ಒಳಹೋದ ಯಾರು ಬೇಕಾದರೂ ಗಾಜಿನ ಈಚೆ ನಿಂತು ನೋಡಬಹುದು. ಕೆಲಸ ಬೆಲ್ಜಿಯಂ ಸರ್ಕಾರದ ಕಲಾ ಪರಂಪರೆ ಸಂಸ್ಥೆಯಾದ ಕಿಕ್-ಇರ್ಪಾದ್ದು. ನನ್ನ ಮಟ್ಟಿಗೆ ಈ ಚಿತ್ರವನ್ನು ನೋಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೇಲುಸಾಲಿನ ಫಲಕಗಳು ಬಲಿಪೀಠದಲ್ಲಿ ಜೋಡಿಸಿದ ಮೇಲೆ ತಲೆಯೆತ್ತಿ ನೋಡುವಷ್ಟು ಮೇಲೆ ಹೋಗುತ್ತವೆ. ವರ್ಕ್‌ಶಾಪ್‌ನಲ್ಲಿ ಹಾಗಲ್ಲ, ಕೆಳಗಿಳಿದು ಕಣ್ಣಿನ ಮಟ್ಟಕ್ಕೆ ಬಂದಿರುತ್ತವೆ.

ಮೇಲುಸಾಲೆಂದರೆ ನಡುವೆ ಸಿಂಹಾಸನದಲ್ಲಿ ಕೂತ ದೇವರು, ಒಂದು ಪಕ್ಕ ಮಾತೆ ಮರಿಯಾ, ಇನ್ನೊಂದು ಪಕ್ಕ ಸ್ನಾನಿಕ ಯೋಹಾನ, ಆಚೀಚೆ ಹಾಡುವ ಮತ್ತು ವಾದ್ಯ ನುಡಿಸುವ ದೇವದೂತರು, ಎರಡು ತುದಿಗಳಲ್ಲಿ ಆದಾಮ ಮತ್ತು ಹವ್ವ. ಹಾಡುವ ದೇವದೂತರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅವರಿಗೆ ರೆಕ್ಕೆಗಳಿಲ್ಲ. ಹುಬ್ಬು ಗಂಟಿಕ್ಕಿಕೊಂಡು, ಬಾಯಿ ಬೇರೆಬೇರೆ ಆಕಾರಕ್ಕೆ ತೆರೆದು ಹಾಡುತ್ತಿದ್ದಾರೆ. ಯಾರದು ತಾರಸ್ವರ, ಯಾರದು ಮಂದ್ರ ಅಂತ ಮುಖ ನೋಡಿಯೇ ಹೇಳಬಹುದು ಎಂದು 1604ರಲ್ಲೇ, ಚಿತ್ರಕಾರರ ಜೀವನಚರಿತ್ರೆ ಬರೆದ ಕಾರೆಲ್ ವಾನ್ ಮಾಂಡರ್ ಹೇಳಿದ್ದ. ಸಂಗೀತ ಕಲಿತ ಅಮ್ಮನಾದರೆ ಇದನ್ನು ಪರೀಕ್ಷಿಸದೆ ಬಿಡಲಾರರು. ಮೇಲಂಗಿಯನ್ನು ಎದೆಯ ಹತ್ತಿರ ಹಿಡಿದಿಟ್ಟ ಆಭರಣದ ಹರಳನ್ನೂ ನೋಡಿ, ಅದರೊಳಗೆ ಒಂದು ಕಿಟಕಿಯ ಬೆಳಕು ಪ್ರತಿಫಲಿಸುತ್ತಿರುವಂತೆ ವಾನ್ ಐಕ್ ಚಿತ್ರಿಸಿದ್ದಾನೆ.

ಈಗ ಮುಖ್ಯ ಎಚ್ಚರಿಕೆ: ಚಿತ್ರ ಎರಡು ಕಡೆ ಹಂಚಿಹೋಗಿದೆ. ದುರಸ್ತಿಯಲ್ಲಿರುವ ಫಲಕಗಳು ಮಾತ್ರ ಮ್ಯೂಸಿಯಂನಲ್ಲಿ. ಕೆಲಸ ಮುಗಿದ ಫಲಕಗಳು ಊರ ನಡುವಿನ ಸೇಂಟ್ ಬಾವೋ ಕೆಥೀಡ್ರಲ್‌ನಲ್ಲಿ ದೊಡ್ಡ ಗಾಜಿನ ಕವಚದೊಳಗೆ ನಿಂತಿವೆ. ಹೊರಹೋದವುಗಳ ಜಾಗದಲ್ಲಿ ಪ್ರತಿಕೃತಿಗಳಿರುತ್ತವೆ. ಒಂದನ್ನಷ್ಟೇ ನೋಡಿ ‘ನೋಡಿಬಂದೆವು’ ಅನ್ನುವವರು ಬಹಳ, ನೀವು ಹಾಗೆ ಮಾಡಬೇಡಿ. ನಮ್ಮಲ್ಲಿ ಗರ್ಭಗುಡಿಯ ಜೀರ್ಣೋದ್ಧಾರ ನಡೆಯುವಾಗ ಬಾಲಾಲಯದಲ್ಲಿ ಪೂಜೆ ಮುಂದುವರಿಯುತ್ತದಲ್ಲ, ಮನೆಯವರಿಗೆ ಹಾಗೆ ಹೇಳಿದರೆ ಅರ್ಧ ವಿವರಣೆ ಉಳಿಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಇದು ಇವತ್ತಿಗೂ ಚರ್ಚಿನದೇ ಆಸ್ತಿಯಾದರೂ ಜನ ಪ್ರಾರ್ಥನೆಗಿಂತ ಹೆಚ್ಚಾಗಿ ನೋಡುವುದಕ್ಕೇ ಬರುತ್ತಾರೆ.

ಕೆಥೀಡ್ರಲ್‌ನಲ್ಲಿ ಕೆಳಸಾಲಿನ ನಡುಫಲಕವನ್ನು ಹುಡುಕುವ ಅಗತ್ಯವೇ ಇಲ್ಲ. ಹಸಿರು ಹುಲ್ಲುಗಾವಲು, ಬಲಿಪೀಠದ ಮೇಲೆ ನಿಂತ, ಕ್ರಿಸ್ತನ ಸಂಕೇತವಾದ ಕುರಿಮರಿ, ಅದರ ಎದೆಯಿಂದ ಪಾತ್ರೆಗೆ ಚಿಮ್ಮುವ ರಕ್ತ. ಈ ಕುರಿಮರಿಯ ಕಥೆಯೊಂದೇ ಸಾಕು, ದುರಸ್ತಿ ಅಂದರೆ ಏನು ಅಂತ ತಿಳಿಯಲು. 16ನೇ ಶತಮಾನದಲ್ಲಿ ಯಾರೋ ಮೂಲದ ತಲೆಯ ಮೇಲೆ ಇನ್ನೊಂದು ತಲೆ ಬಳಿದರು, ಸಾಧುವಾದ ಮಾಮೂಲು ಕುರಿಯ ಮುಖ. 1950–51ರಲ್ಲಿ ಶುಚಿಗೊಳಿಸಿದಾಗ ಅಡಿಯಲ್ಲಿದ್ದ ಮೂಲದ ಕಿವಿಗಳು ಹೊರಬಂದವು, ಮೇಲಿನ ತಲೆ ಮಾತ್ರ ಹಾಗೇ ಉಳಿಯಿತು. ಹಾಗಾಗಿ ಸುಮಾರು ಎಪ್ಪತ್ತು ವರ್ಷ ಆ ಬಡಪಾಯಿ ನಾಲ್ಕು ಕಿವಿ ಹೊತ್ತುಕೊಂಡು ನಿಂತಿತ್ತು. ಈಗಿನ ದುರಸ್ತಿಯ ಎರಡನೇ ಹಂತದಲ್ಲಿ, ಅಂದರೆ 2019ಕ್ಕೆ ಮುಗಿದ ಕೆಳಸಾಲಿನ ಕೆಲಸದಲ್ಲಿ, ಮೇಲಿನ ತಲೆಯನ್ನು ತೆಗೆದಾಗ ಕಂಡದ್ದು ಬೇರೆಯೇ ಮುಖ. ಕಣ್ಣೆರಡೂ ಮುಂದಕ್ಕೆ, ದೃಷ್ಟಿ ನೇರ ನೋಡುವವರ ಮೇಲೆ, ಹೆಚ್ಚುಕಡಿಮೆ ಮನುಷ್ಯನ ಮುಖ. 2020ರ ಜನವರಿಯಲ್ಲಿ ಫಲಕ ಕೆಥೀಡ್ರಲ್‌ಗೆ ಮರಳಿದಾಗ ಇಂಟರ್‌ನೆಟ್ ಪೂರ್ತಿ ನಗೆಯಾಡಿತು, ಹಾಳುಮಾಡಿದರು ಅಂತ ಬೈದವರೂ ಇದ್ದರು. ಬೈದವರಿಗೆ ಗೊತ್ತಿರಲಿಲ್ಲ, ಅವರು ಬೈದದ್ದು ವಾನ್ ಐಕ್‌ನನ್ನೇ. ಎದುರಿಗೆ ನಿಂತು ನೋಡಿ. ಬಲಿಗೆ ನಿಂತ ಪ್ರಾಣಿ ನಿಮ್ಮನ್ನೇ ದಿಟ್ಟಿಸಿದರೆ ನಗು ಬರುತ್ತದೋ ಇಲ್ಲವೋ ಆಗ ಹೇಳಿ.

ಅದೇ ಸಾಲಿನ ಎಡತುದಿಯ ‘ನ್ಯಾಯವಂತ ನ್ಯಾಯಾಧೀಶರು’ ಫಲಕ ನಕಲು. ಅದಕ್ಕೂ ರಿಸ್ಟೋರೇಷನ್‌ಗೂ ಸಂಬಂಧವಿಲ್ಲ. ಮೂಲಫಲಕ 1934ರ ಏಪ್ರಿಲ್‌ನಲ್ಲಿ ಕಳುವಾಗಿ ಈವರೆಗೂ ಸಿಕ್ಕಿಲ್ಲ. ಈ ಚಿತ್ರದ ಹಣೆಬರಹವೇ ಹಾಗೆ. ನೆಪೋಲಿಯನ್ನನಿಗೂ ಮೊದಲು, 1794ರಲ್ಲಿ, ಫ್ರೆಂಚ್ ಸೈನ್ಯ ನಡುಫಲಕಗಳನ್ನು ಪ್ಯಾರಿಸ್‌ಗೆ ಒಯ್ದಿತ್ತು. ಆಮೇಲೆ ಮಾರಾಟವಾಗಿ ಬರ್ಲಿನ್ ಸೇರಿದ ಪಕ್ಕದ ಫಲಕಗಳನ್ನು, ಹಿಂದುಮುಂದು ಎರಡೂ ಬದಿ ಒಟ್ಟಿಗೆ ಕಾಣಲೆಂದು ಅಲ್ಲಿ ದಪ್ಪದಲ್ಲಿ ಸೀಳಿದ್ದರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಒಯ್ದಿದ್ದ ಚಿತ್ರ ಯುದ್ಧದ ಕೊನೆಗೆ ಸಿಕ್ಕಿದ್ದು ಆಸ್ಟ್ರಿಯಾದ ಉಪ್ಪಿನ ಗಣಿಯೊಳಗೆ.

ಇನ್ನು ಓಡಾಟದ ವಿಷಯ. ವಾರದ ದಿನ ಹೋದರೆ ತಜ್ಞರು ಕೆಲಸ ಮಾಡುವುದನ್ನು ನೋಡುವ ಅವಕಾಶ ಹೆಚ್ಚು, ಆದರೆ ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ. ಭಾನುವಾರ ಬೆಳಗ್ಗೆ ಕೆಥೀಡ್ರಲ್‌ನಲ್ಲಿ ಪೂಜೆ, ಪ್ರವಾಸಿಗರನ್ನು ಮಧ್ಯಾಹ್ನದ ನಂತರವೇ ಬಿಡುತ್ತಾರೆ. ಬ್ರಸೆಲ್ಸ್‌ನಿಂದ ಘೆಂಟ್‌ಗೆ ರೈಲಿನಲ್ಲಿ ಅರ್ಧ ತಾಸಿನ ದಾರಿ. ಇಳಿಯುವ ಸಿಂಟ್-ಪೀಟರ್ಸ್ ನಿಲ್ದಾಣದಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದು, ಕೆಥೀಡ್ರಲ್ ಇರುವ ಹಳೇ ಪೇಟೆಗೆ ಟ್ರಾಮ್ ಹಿಡಿಯಿರಿ. ಮ್ಯೂಸಿಯಂ ಹತ್ತಿರವಿದೆ ಅಂತ ಅದನ್ನೇ ಮೊದಲು ಮುಗಿಸಲು ಮನಸ್ಸಾಗುತ್ತದೆ, ನಾನಾದರೆ ಕೆಥೀಡ್ರಲ್ ಮೊದಲು ಅನ್ನುತ್ತೇನೆ. ಪೂರ್ತಿ ಚಿತ್ರದ ಅಂದಾಜು ಸಿಕ್ಕಿದ ಮೇಲೆ, ಬಿಡಿಯಾಗಿ ನಿಂತ ದೇವದೂತರು ಯಾವ ಮೂಲೆಯವರು ಅಂತ ಅಮ್ಮನಿಗೆ ಬೇಗ ಹೊಳೆಯುತ್ತದೆ. ಕೆಥೀಡ್ರಲ್ ಪ್ರವೇಶ ಉಚಿತ, ಚಿತ್ರ ನೋಡಲು ಬೇರೆ ಟಿಕೆಟ್, ಅದಕ್ಕೆ ಸಮಯ ಗೊತ್ತುಮಾಡಿ ಮೊದಲೇ ಬುಕ್ ಮಾಡಿಕೊಳ್ಳಿ. ಯಾವ ಫಲಕ ಎಲ್ಲಿದೆ ಅನ್ನುವುದು ಬದಲಾಗುವುದರಿಂದ ಹೊರಡುವ ವಾರ ಎರಡೂ ಕಡೆಯ ವೆಬ್‌ಸೈಟ್ ಮೇಲೆ ಒಮ್ಮೆ ಕಣ್ಣಾಡಿಸಿ.

ಹೋಗುವ ಹಿಂದಿನ ರಾತ್ರಿ ‘ಕ್ಲೋಸರ್ ಟು ವಾನ್ ಐಕ್’ ಎಂಬ ಉಚಿತ ವೆಬ್‌ಸೈಟನ್ನು ಟೀವಿಗೆ ಹಾಕಿಕೊಂಡು ಮನೆಯವರೆಲ್ಲ ಕೂತು ನೋಡಿ. ದುರಸ್ತಿಗೆ ಮೊದಲು, ನಡುವೆ, ನಂತರ ತೆಗೆದ ಫೋಟೋಗಳಿವೆ, ಬಣ್ಣದ ಬಿರುಕು ಕಾಣುವಷ್ಟು ಹತ್ತಿರಕ್ಕೆ ಎಳೆಯಬಹುದು. ಕುರಿಮರಿಯ ಎರಡೂ ಮುಖಗಳು ಅಲ್ಲಿವೆ.