ಕ್ರ್ಯಾಶ್ ಡಂಪ್‌ಗೆ ಯಾವ ಮೆಮೊರಿ ಸೇರುತ್ತದೆ?

ಬೆಳಗಾವಿಯ ಟಿಳಕವಾಡಿ ರೂಮಿನಲ್ಲಿ ಜೊತೆಗೆ ಓದುವ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ: ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಕ್ರ್ಯಾಶ್ ಆದಾಗ, ಕಾರಣ ಹುಡುಕಲು ಯಾವ ಮೆಮೊರಿಯನ್ನು ಡಂಪ್ ಆಗಿ, ಅಂದರೆ ನಕಲು ಮಾಡಿ, ಉಳಿಸಬೇಕು ಅಂತ ಲೆಕ್ಕ ಹಾಕುವವರು ಯಾರು? ಆಗ ಯಾರೂ ಹಾಕುವುದಿಲ್ಲ. ಲೆಕ್ಕ ಮೊದಲೇ ಮುಗಿದಿರುತ್ತದೆ. ಲಿನಕ್ಸ್‌ನಲ್ಲಿ ಕ್ರ್ಯಾಶ್ ಡಂಪ್ ತೆಗೆಯುವ ವ್ಯವಸ್ಥೆಯಾದ ಕೆಡಂಪ್ ನಿಂತಿರುವುದೇ ಇದರ ಮೇಲೆ.

ಬೂಟ್ ಲೈನಿನಲ್ಲಿ, ಅಂದರೆ ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿನಲ್ಲಿ, ಕ್ರ್ಯಾಶ್‌ಕರ್ನಲ್=256ಎಂ ಎಂದು ಕೊಟ್ಟರೆ ಅಷ್ಟು (256 ಎಂಬಿ) ಜಾಗ ಎರಡನೇ ಕರ್ನಲ್‌ಗೆ ಮೀಸಲು; ಮೊದಲನೆಯದು ಕ್ರ್ಯಾಶ್ ಆದಾಗ ಡಂಪ್ ತೆಗೆಯಲು ಏಳುವುದು ಇದೇ. ಕೆಎಕ್ಸೆಕ್ ಎಂಬ ಉಪಕರಣ ಆ ಕರ್ನಲ್ಲನ್ನು ಅಲ್ಲಿ ಲೋಡ್ ಮಾಡುವಾಗಲೇ ಮೆಮೊರಿ ನಕ್ಷೆ ನೋಡಿ, ಡಂಪ್‌ಗೆ ಬೇಕಾದ ಭಾಗಗಳನ್ನು ಒಂದು ಇಎಲ್‌ಎಫ್ (ಲಿನಕ್ಸ್‌ನ ಫೈಲ್ ರೂಪ) ಹೆಡರ್‌ನಲ್ಲಿ, ಅಂದರೆ ತಲೆಬರಹದ ಪಟ್ಟಿಯಲ್ಲಿ, ಬರೆದಿಡುತ್ತದೆ. ಕ್ರ್ಯಾಶ್ ಆದಾಗ ಎರಡನೇ ಕರ್ನಲ್ ಅದೇ ಹೆಡರ್ ಹಿಡಿದು ಹಳೆಯ ಮೆಮೊರಿಯನ್ನು /ಪ್ರಾಕ್/ವಿಎಂಕೋರ್ ಎಂಬ ಫೈಲ್ ಆಗಿ ತೋರಿಸುತ್ತದೆ.

ನಕ್ಷೆ ನೀವೂ ನೋಡಬಹುದು. /ಪ್ರಾಕ್/ಐಓಮೆಮ್ ತೆರೆಯಿರಿ, ಆದರೆ ಸುಡೊ (ಅಡ್ಮಿನ್ ಅಧಿಕಾರ) ಬೇಕು, ಇಲ್ಲದಿದ್ದರೆ ವಿಳಾಸಗಳೆಲ್ಲ ಸುಮ್ನೆ ಸೊನ್ನೆಯಾಗಿ ಕಾಣುತ್ತವೆ. ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ) ಯಂತ್ರದಲ್ಲಿ ಹೆಕ್ಸ್ (16ರ ಆಧಾರದ) ವಿಳಾಸ 00100000ರಿಂದ, ಅಂದರೆ 1 ಎಂಬಿಯಿಂದ, ಶುರುವಾಗುವ ‘ಸಿಸ್ಟಮ್ ರ್‍ಯಾಮ್’ ಸಾಲು ಹುಡುಕಿ. ಅದರ ಕೆಳಗೆ ಸ್ವಲ್ಪ ಒಳಗೆ ಸರಿದಿರುವ ಸಾಲುಗಳಲ್ಲಿ ‘ಕ್ರ್ಯಾಶ್ ಕರ್ನಲ್’ ಇರಬಹುದು. ಒಳಗೆ ಸರಿದಿದೆ ಅಂದರೆ ಅದು ಮೇಲಿನ ಸಾಲಿನದೇ ಒಂದು ತುಂಡು. ಡಂಪ್‌ಗೆ ಬೇಕಾದದ್ದು ಸಿಸ್ಟಮ್ ರ್‍ಯಾಮ್, ಅದರಿಂದ ಈ ತುಂಡನ್ನು ಕಳೆದು ಉಳಿದದ್ದು. ರ್‍ಯಾಮ್ 1ರಿಂದ 2047 ಎಂಬಿವರೆಗೆ ಇದ್ದು ಮೀಸಲು ಜಾಗ 1584ರಿಂದ 1840ರವರೆಗೆ ಇದ್ದರೆ, ಹೆಡರ್‌ನಲ್ಲಿ ಎರಡು ಭಾಗ ಬರುತ್ತವೆ: 1–1584, 1840–2047.

ಅದೇ ನಕ್ಷೆಯ ‘ರಿಸರ್ವ್ಡ್’ (ಫರ್ಮ್‌ವೇರ್ ಕಾದಿರಿಸಿದ) ಮತ್ತು ಪಿಸಿಐ (ಸಾಧನಗಳನ್ನು ಜೋಡಿಸುವ ಬಸ್) ಸಾಲುಗಳನ್ನೂ ಸೇರಿಸಿದರೆ ಏನಾಗುತ್ತದೆ? ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಸಿಐ ವಿಳಾಸಗಳ ಹಿಂದೆ ಇರುವುದು ರ್‍ಯಾಮ್ ಅಲ್ಲ, ಸಾಧನದ ರಿಜಿಸ್ಟರ್‌ಗಳು. ಕೆಲವನ್ನು ಓದಿದರೇ ಸಾಧನದ ಸ್ಥಿತಿ ಬದಲಾಗುತ್ತದೆ, ಯಂತ್ರ ಹ್ಯಾಂಗ್ ಆಗಲೂಬಹುದು, ಆಗ ಡಂಪೂ ಇಲ್ಲ. ಯಂತ್ರದ ಹಾರ್ಡ್‌ವೇರ್ ವಿವರ ಇರುವ ಎಸಿಪಿಐ ಟೇಬಲ್‌ಗಳ ಕಥೆ ಬೇರೆ: ಡಂಪ್‌ಗೆ ಬೇಡ, ಆದರೆ ಎರಡನೇ ಕರ್ನಲ್ ಬೂಟ್ ಆಗಲು ಬೇಕು.

ತಾಳೆ ನೋಡಬೇಕಾ? ವರ್ಚುವಲ್ ಮಷೀನ್‌ನಲ್ಲಿ ಮಾತ್ರ ಮಾಡಿ. ಕ್ರ್ಯಾಶ್ ಮಾಡಿಸಿ, ವಿಎಂಕೋರ್ ಅನ್ನು ಇಎಲ್‌ಎಫ್ ರೂಪದಲ್ಲೇ ಉಳಿಸಿ, ಇಎಲ್‌ಎಫ್ ಹೆಡರ್ ಓದಿ ತೋರಿಸುವ ರೀಡ್‌ಎಲ್ಫ್‌ಗೆ ಕೊಡಿ. ‘ಲೋಡ್’ ಸಾಲುಗಳ ಭೌತಿಕ ವಿಳಾಸ ಐಓಮೆಮ್‌ಗೆ ಹೊಂದಬೇಕು. ಕರ್ನಲ್ ಕೋಡ್‌ಗೆ ಪ್ರತ್ಯೇಕವಾಗಿ ಒಂದು ಸಾಲು ಜಾಸ್ತಿ ಕಂಡರೆ ಗಾಬರಿ ಬೇಡ, ಅದು ಅದೇ ಮೆಮೊರಿಯ ಇನ್ನೊಂದು ವರ್ಚುವಲ್ ವಿಳಾಸ.

ಲೆಕ್ಕ ಮೊದಲೇ ಆಗಿರುತ್ತದೆ ಅಂದೆವಲ್ವಾ? ಹಾಗಾಗಿ ಯಂತ್ರ ನಡೆಯುತ್ತಿರುವಾಗ ರ್‍ಯಾಮ್ ಸೇರಿಸಿದರೆ ಹಳೆಯ ಹೆಡರ್‌ಗೆ ಅದು ಗೊತ್ತಾಗುವುದಿಲ್ಲ, ಮತ್ತೆ ಲೋಡ್ ಮಾಡಬೇಕು. ಆದರೆ ಕರ್ನಲ್ 6.6ರಿಂದ ಎಕ್ಸ್86ನಲ್ಲಿ ಹೆಡರನ್ನು ಕರ್ನಲ್ಲೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಬಂದಿದೆ.